ವಿದ್ಯುತ್ತು ಬಂದರೂ ಬ್ಯಾಟರಿ ತುಂಬದೇಕೆ?

ಹಳೆಯ ಲ್ಯಾಪ್‌ಟಾಪುಗಳಲ್ಲಿ ವಿಚಿತ್ರವಾದ ತೊಂದರೆಯೊಂದು ಕಂಡುಬರುವುದುಂಟು. ಗೋಡೆಯ ವಿದ್ಯುತ್ತು ಯಂತ್ರಕ್ಕೆ ಒದಗಿದೆ, ತೆರೆ ಬೆಳಗುತ್ತಿದೆ. ಆದರೆ ಮೂಲೆಯ ಚಿಹ್ನೆ ಮಾತ್ರ ‘ಚಾರ್ಜ್ ಆಗುತ್ತಿಲ್ಲ’ ಎಂದು ಸಾರುತ್ತದೆ. ಇದನ್ನು ಕಂಡೊಡನೆ ಬ್ಯಾಟರಿಯ ಆಯುಸ್ಸು ತೀರಿತೆಂದು ಬಗೆದು ಹೊಸದನ್ನು ಕೊಳ್ಳುವವರುಂಟು. ಹೊಸದನ್ನು ಹಾಕಿದ ಮೇಲೂ ಅದೇ ಸಂದೇಶ! ವಿದ್ಯಾರ್ಥಿಯ ಕೈಚೀಲಕ್ಕೆ ಇದು ಸಣ್ಣ ಪೆಟ್ಟಲ್ಲ.

ಇದರ ಮರ್ಮವನ್ನರಿಯಲು ನಾವು ಬ್ಯಾಟರಿಯ ಒಳಗನ್ನು ತಿಳಿಯಬೇಕು. ಅದು ಕೈದೀಪದ ಶೆಲ್ಲಿನಂತೆ ಮೂಕ ವಸ್ತುವಲ್ಲ. ಲಿಥಿಯಂ-ಅಯಾನು ಕೋಶಗಳ ಜೊತೆಗೆ ಅದರಲ್ಲಿ ಪುಟ್ಟದೊಂದು ವಿದ್ಯುನ್ಮಂಡಲವೂ ಇದೆ. ಸಾಮಾನ್ಯವಾಗಿ ಒಂದು ಕೋಶ ಪೂರ್ಣ ತುಂಬಿದಾಗ ಅದರ ವೋಲ್ಟೇಜು ಸುಮಾರು 4.2. ಆ ಮೇರೆಯನ್ನು ದಾಟಿಸಿದರೆ ಕೋಶವು ಕಾವೇರಿ ಉರಿದೀತು. ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗಬಹುದು. ಕೊರೆಯುವ ಚಳಿಯಲ್ಲಿ ತುಂಬಿಸಹೋದರೆ ಲಿಥಿಯಂ ಲೋಹರೂಪದಲ್ಲಿ ಲೇಪಗೊಳ್ಳುತ್ತದೆ. ಆದುದರಿಂದ ಈ ಮಂಡಲವೂ ಯಂತ್ರದೊಳಗಿನ ನಿಯಂತ್ರಕವೂ ಕಾವಲುಗಾರರಂತೆ ನಿಂತು, ಸಂದೇಹ ಬಂದಾಗ ಬಾಗಿಲು ಮುಚ್ಚುತ್ತವೆ. ಎಂದರೆ, ಆ ಸಂದೇಶದ ಅರ್ಥ ಅನೇಕ ವೇಳೆ ‘ಆರೆ’ ಎಂದಲ್ಲ, ‘ಒಲ್ಲೆ’ ಎಂದು.

ಒಲ್ಲದಿರಲು ಕಾರಣ ಬ್ಯಾಟರಿಯ ಹೊರಗೂ ಇರಬಹುದು. ಡೆಲ್ ಕಂಪನಿಯ ಅನೇಕ ಹಳೆಯ ಮಾದರಿಗಳ 19.5 ವೋಲ್ಟಿನ ಅಡಾಪ್ಟರನ್ನು ನೋಡಿ. ಅದರ ದುಂಡನೆಯ ತುದಿಯ ನಡುವೆ ತೆಳುವಾದ ಸೂಜಿಯೊಂದಿದೆ. ಅದು ಯಂತ್ರವನ್ನು ನಡೆಸುವ ಶಕ್ತಿಯನ್ನು ಒಯ್ಯುವುದಿಲ್ಲ. ‘ನಾನು ಇಷ್ಟು ವಾಟಿನವನು’ ಎಂಬ ಗುರುತನ್ನು ಮಾತ್ರ ಒಯ್ಯುತ್ತದೆ. ಸೂಜಿ ಬಾಗಿದರೆ ಅಥವಾ ಅದರ ತಂತಿ ಒಳಗೇ ತುಂಡಾದರೆ ಗುರುತು ತಲಪದು. ಆಗ ಯಂತ್ರ ನಡೆಯುತ್ತದೆ, ಬ್ಯಾಟರಿ ಮಾತ್ರ ತುಂಬದು. ಕೂದಲೆಳೆಯಂಥ ಒಂದು ತಂತಿಗಾಗಿ ಇಡೀ ಬ್ಯಾಟರಿಯನ್ನು ಬದಲಿಸುವುದು ಎಂಥ ನ್ಯಾಯ!

ಹೀಗಿರಲು, ಪರೀಕ್ಷೆಯನ್ನು ಖರ್ಚಿಲ್ಲದ ಕಡೆಯಿಂದ ಆರಂಭಿಸುವುದು ಲೇಸು. ಬ್ಯಾಟರಿ ಬಹುಕಾಲ ಬಾಳಲೆಂದು ಶೇಕಡಾ 80ಕ್ಕೆ ಚಾರ್ಜನ್ನು ನಿಲ್ಲಿಸುವ ಏರ್ಪಾಡು ಕೆಲವು ಯಂತ್ರಗಳಲ್ಲಿದೆ; ಅದು ಜಾರಿಯಲ್ಲಿದ್ದರೆ ದೋಷವೇ ಇಲ್ಲ. ಯಂತ್ರ ಬಿಸಿಯಾಗಿದ್ದರೆ ಆರಲು ಬಿಡಬೇಕು. ಬಳಿಕ ಅದೇ ಮಾದರಿಗೆ ಒಪ್ಪುವ, ಅದೇ ವೋಲ್ಟಿನ, ವಾಟು ಕಡಿಮೆಯಿಲ್ಲದ ಅಡಾಪ್ಟರನ್ನು ಗೆಳೆಯರಿಂದ ತಂದು ಜೋಡಿಸಿ ನೋಡಬೇಕು. ಚಾರ್ಜ್ ಆರಂಭವಾಯಿತೋ, ಕಳ್ಳ ಸಿಕ್ಕಿದ. ಆಗದಿದ್ದರೆ, ತುದಿಯನ್ನು ಮೆಲ್ಲಗೆ ಅಲುಗಿಸಿದಾಗ ದೀಪ ಮಿನುಗುವುದೇ? ಹಾಗಿದ್ದರೆ ಯಂತ್ರದ ಕಡೆಯ ಜ್ಯಾಕು ಸಡಿಲಗೊಂಡಿರಬಹುದು. ಅದು ರಿಪೇರಿಯವನ ಕೆಲಸ.

ಬ್ಯಾಟರಿಯ ಮುಪ್ಪು ಬೇರೆಯೇ ಸಂಗತಿ. ಮುದಿ ಬ್ಯಾಟರಿ ಬೇಗ ತುಂಬಿ ಬೇಗ ಬರಿದಾಗುತ್ತದೆ. ವಿಂಡೋಸ್ ತಯಾರಿಸಿಕೊಡುವ ಬ್ಯಾಟರಿ ವರದಿಯಲ್ಲಿ ಎರಡು ಅಂಕಿಗಳಿರುತ್ತವೆ: ಹುಟ್ಟಿದಾಗಿನ ಸಾಮರ್ಥ್ಯ, ಈಗಿನ ಪೂರ್ಣ ಸಾಮರ್ಥ್ಯ. ಮೊದಲನೆಯದು 48,000 ಮಿಲಿವಾಟ್-ಗಂಟೆಯಿದ್ದು ಎರಡನೆಯದು 16,000ಕ್ಕೆ ಇಳಿದಿದ್ದರೆ ಮೂರರಲ್ಲೊಂದು ಪಾಲು ಮಾತ್ರ ಉಳಿದಿದೆಯೆಂದಾಯಿತು. ಹೊಸದನ್ನು ಕೊಳ್ಳಲು ಇದು ತಕ್ಕ ಕಾರಣ.

ಆದರೆ ಬ್ಯಾಟರಿ ಉಬ್ಬಿ ಕೀಲಿಮಣೆಯೋ ತಳದ ಹಲಗೆಯೋ ಮೇಲೆದ್ದಿದ್ದರೆ ಈ ಯಾವ ಪರೀಕ್ಷೆಯೂ ಕೂಡದು. ಕೋಶದೊಳಗೆ ಅನಿಲ ಹುಟ್ಟಿದೆ. ಅಡಾಪ್ಟರನ್ನು ಕಳಚಿ, ಯಂತ್ರವನ್ನು ಆರಿಸಿ, ಒತ್ತದೆ, ಚುಚ್ಚದೆ, ಮನೆಯ ಕಸದೊಡನೆ ಬೆರೆಸದೆ, ಬಲ್ಲವರಿಂದ ತೆಗೆಸಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.