ಊರಲ್ಲಿ ಹೆಸರು, ಇಲ್ಲಿ ರೂಮು

ಎಲೆಕ್ಟ್ರಾನಿಕ್ ಸಿಟಿ ಇರುವ ಜಾಗದಲ್ಲಿ ಹಿಂದೆ ಇದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳ ಹೊಲ. 1978ರಲ್ಲಿ ಕಿಯೋನಿಕ್ಸ್ ಇಲ್ಲಿ 332 ಎಕರೆಯಲ್ಲಿ ಕೈಗಾರಿಕಾ ವಸಾಹತು ಶುರು ಮಾಡಿತು. ಕಂಪೆನಿಗಳು ಬಂದವು, ಹಿಂದೆಯೇ ಪಿಜಿಗಳು ಬಂದವು, ಪಿಜಿಗಳ ಕೆಳಗೆ ನಮ್ಮವರ ಬೇಕರಿ, ಜ್ಯೂಸ್ ಅಂಗಡಿ, ಹೋಟೆಲುಗಳು ಬಂದವು. ಜುಮಾ ಮುಗಿದು ಹೊರಗೆ ಬಂದರೆ ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯ ಬ್ಯಾರಿ ಮಾತು ಕಿವಿಗೆ ಬೀಳುತ್ತದೆ.

ಇವರೆಲ್ಲ ಎಷ್ಟು ಮಂದಿ? ಲೆಕ್ಕ ಹಳೆಯದು. ದೇಶದಲ್ಲಿ ಕೊನೆಯ ಜನಗಣತಿ ಆದದ್ದು 2011ರ ಫೆಬ್ರವರಿಯಲ್ಲಿ. ಬೆಂಗಳೂರಿನ ಮೊದಲ ಮೆಟ್ರೋ ಓಡಿದ್ದೇ ಆ ವರ್ಷ ಅಕ್ಟೋಬರಿನಲ್ಲಿ. ಅಂದರೆ ಮೆಟ್ರೋ ಬರುವ ಮೊದಲಿನ ಲೆಕ್ಕವನ್ನೇ ನಾವು ಇನ್ನೂ ಹಿಡಿದುಕೊಂಡಿದ್ದೇವೆ. 2021ರಲ್ಲಿ ಆಗಬೇಕಿದ್ದದ್ದು ಆಗಲಿಲ್ಲ. 2001ರಿಂದ 2011ಕ್ಕೆ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅದೇ ಹತ್ತು ವರ್ಷದಲ್ಲಿ ನಮ್ಮ ದಕ್ಷಿಣ ಕನ್ನಡ 18.97 ಲಕ್ಷದಿಂದ 20.89 ಲಕ್ಷಕ್ಕೆ ಮಾತ್ರ. ಮಕ್ಕಳು ಅಲ್ಲಿ ಹುಟ್ಟುತ್ತಾರೆ, ದುಡಿಯುವ ವಯಸ್ಸಿಗೆ ಘಾಟಿ ಹತ್ತುತ್ತಾರೆ. ಕೆಲವರು ಗಲ್ಫಿಗೆ, ಉಳಿದವರು ಇಲ್ಲಿಗೆ.

ಹೊಸೂರು ರಸ್ತೆಯ ಕಷ್ಟ ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. 2010ರಲ್ಲಿ ಸುಮಾರು ಹತ್ತು ಕಿಲೋಮೀಟರಿನ ಮೇಲ್ಸೇತುವೆ ಆಯಿತು, ಆದರೆ ಅದು ಟೋಲ್ ಕೊಡುವ ಕಾರಿನವರ ದಾರಿ. ಕೆಳಗೆ ಬಸ್ಸಿನಲ್ಲಿ ನಿಂತವರು ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ನಿಂತೇ ಇದ್ದರು. ಊರಿಗೆ ಹೊರಟರೆ ಮೆಜೆಸ್ಟಿಕ್ ಮುಟ್ಟುವುದೇ ಅರ್ಧ ಪ್ರಯಾಣ. ಶಿರಾಡಿ ಘಾಟಿಗಿಂತ ಸಿಲ್ಕ್ ಬೋರ್ಡೇ ದೊಡ್ಡ ಘಾಟಿ ಎಂದು ನಾವು ತಮಾಷೆ ಮಾಡುತ್ತಿದ್ದೆವು. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ನಿಲ್ದಾಣ. ಮೊದಲಿಗೆ ಇದ್ದದ್ದು ಮೂರೇ ರೈಲು, ಒಂದು ತಪ್ಪಿದರೆ 25 ನಿಮಿಷ ಕಾಯಬೇಕಿತ್ತು. ಆಮೇಲೆ ರೈಲು ಹೆಚ್ಚಾಯಿತು. ಈಗ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಮೆಜೆಸ್ಟಿಕ್‌ನಲ್ಲಿ ಇಳಿದು ಮಂಗಳೂರು ಬಸ್ ಹತ್ತಬಹುದು. ಬೆಳಗಿನ ಜಾವ ನಾಲ್ಕಕ್ಕೆ ಅಂಗಡಿ ತೆರೆದು ಹಾಲು ಇಳಿಸುವ ಹುಡುಗನಿಗೆ ಮಾತ್ರ ಮೆಟ್ರೋ ಇಲ್ಲ, ಬಸ್ಸೂ ಇಲ್ಲ. ಅದಕ್ಕೇ ಅವನು ಅಂಗಡಿಯ ಹಿಂದಿನ ರೂಮಿನಲ್ಲಿ ಮಲಗುವುದು.

ಬಸ್ಸು, ನೀರು, ಶಾಲೆ ಕೇಳುವಾಗ ಅಧಿಕಾರಿಗಳು ಮೊದಲು ನೋಡುವುದು ಜನಸಂಖ್ಯೆ. 2027ರ ಫೆಬ್ರವರಿಯಲ್ಲಿ ಹೊಸ ಗಣತಿ. ಈ ಸಲ ಜಾತಿಯನ್ನೂ ಬರೆಯುತ್ತಾರೆ. ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ರೇಷನ್ ಕಾರ್ಡ್, ಓಟರ್ ಲಿಸ್ಟ್ ಎಲ್ಲಿದೆಯೋ ಅಲ್ಲೇ ಗಣತಿ ಎಂದು. ಹಾಗಲ್ಲ. ಎಣಿಕೆಯ ದಿನಗಳಲ್ಲೆಲ್ಲ ಇಲ್ಲೇ ಇದ್ದವನನ್ನು ಇಲ್ಲೇ ಬರೆಯಬೇಕು. ಊರಲ್ಲಿ ಮನೆಯವರು ಪ್ರೀತಿಯಿಂದ ಅವನ ಹೆಸರನ್ನೂ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಹೆದರಿ ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ. 1948ರ ಜನಗಣತಿ ಕಾಯ್ದೆಯಂತೆ ಒಬ್ಬೊಬ್ಬರ ವಿವರ ಗುಟ್ಟಾಗಿಯೇ ಇರಬೇಕು, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬಳಸುವಂತಿಲ್ಲ.

ಕಳೆದ ವಾರ ಮಗ್ರಿಬ್ ನಂತರ ಒಬ್ಬ ಬೇಕರಿ ಹುಡುಗನಿಗೆ ಇದನ್ನೇ ಹೇಳುತ್ತಿದ್ದೆ. ಮೂರು ತಿಂಗಳಿಗೊಮ್ಮೆ ಊರಿಗೆ ಹೋಗುವವ.

"ಹಾಗಾದರೆ ಉಸ್ತಾದ್, ಊರಲ್ಲಿ ನಾನಿಲ್ಲ ಅಂತ ಬರೀಬೇಕಾ? ಉಮ್ಮ ಒಪ್ಪಲಿಕ್ಕಿಲ್ಲ."

"ಊರಲ್ಲಿ ಉಮ್ಮ, ನಿನ್ನ ಹೆಂಡತಿ, ಇಬ್ಬರು ಮಕ್ಕಳು. ನೀನು ಇಲ್ಲಿ, ಮೋನೇ. ರೂಮಿನಲ್ಲಿ ಎಷ್ಟು ಜನ ಇದ್ದೀರಿ?"

ಅವನು ಹಿಂದೆ ಮುಂದೆ ನೋಡಿದ. "ಏಳು ಜನ. ಓನರಿಗೆ ನಾಲ್ಕು ಅಂತ ಹೇಳಿದ್ದೇವೆ. ಗಣತಿಯವರು ಓನರಿಗೆ ಹೇಳುತ್ತಾರಾ ಉಸ್ತಾದ್?"