ಬೇತಮಂಗಲದ ಚಾಪೆಯ ಮೇಲೆ ಚಿತ್ರಪುಸ್ತಕಗಳು

ಬೇತಮಂಗಲದ ಕೆರೆ ಏರಿಯ ಕಡೆಯಿಂದ ಬೀಸುವ ಬೆಳಗಿನ ಗಾಳಿಯಲ್ಲಿ ನೀರಿನ ತಂಪಿದೆ. ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಈ ಕೆರೆಯ ನೀರೇ ಒಂದು ಕಾಲಕ್ಕೆ ಕೆಜಿಎಫ್‌ನ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. ಗಣಿ 2001ರಲ್ಲಿ ಮುಚ್ಚಿತು. ಈ ಸೀಮೆಯ ಭಾಷೆಗಳು ಮಾತ್ರ ಹಾಗೆಯೇ ಉಳಿದಿವೆ. ಮುಳಬಾಗಿಲಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರು ಕನ್ನಡದಲ್ಲಿ ಕೇಳಿದರೆ ಅಜ್ಜಿ ತೆಲುಗಿನಲ್ಲಿ ಊರ ಹೆಸರು ಹೇಳುತ್ತಾಳೆ. ಹಿಂದಿನ ಸೀಟಿನಲ್ಲಿ ತಮಿಳು, ಬಾಗಿಲ ಬಳಿ ಉರ್ದು. ಯಾರಿಗೂ ಯಾರ ಮಾತೂ ಅರ್ಥವಾಗದೆ ಇರುವುದಿಲ್ಲ.

ಇಷ್ಟು ಭಾಷೆಗಳ ಮನೆಗಳಿಂದ ಬಂದ ಮಕ್ಕಳೇ ಊರ ಶಾಲೆಯ ನಲಿ-ಕಲಿ ಕೊಠಡಿಯಲ್ಲಿ ಕೂತಿರುವವರು. ಮಿಸ್ಸು ಬಟ್ಟೆಯ ಚೀಲ ತೆರೆದು ಪುಸ್ತಕಗಳನ್ನು ಚಾಪೆಯ ಮೇಲೆ ಹರಡುತ್ತಾರೆ. ಹತ್ತಾರು ಕೈ ಒಟ್ಟಿಗೆ ಚಾಚುತ್ತವೆ. ಮೊದಲು ಹೋಗುವುದು ಆನೆ. "ಅದಿಗೋ ಏನುಗು!" ಎಂದು ಒಬ್ಬ ಕೂಗುತ್ತಾನೆ. ಚೆನ್ನೈನ ತೂಲಿಕಾ ಪ್ರಕಾಶನದ 'ಗಜಪತಿ ಕುಲಪತಿ' ಅದು, ಅಶೋಕ್ ರಾಜಗೋಪಾಲನ್ ಅವರದು. ಆನೆಗೆ ನೆಗಡಿ, ಎಲ್ಲರೂ ಮದ್ದು ಹೇಳುವವರೇ, ಕೊನೆಗೊಂದು ಭಾರಿ ಸೀನು. ಹುಡುಗನಿಗೆ ಅಕ್ಷರ ಇನ್ನೂ ಬಾರದು. ಹಾಳೆ ತಿರುವುತ್ತಾ ಇಡೀ ಕಥೆಯನ್ನು ತೆಲುಗಿನಲ್ಲೇ ಹೇಳಿ ಮುಗಿಸುತ್ತಾನೆ. ಮಿಸ್ಸು ತಡೆಯುವುದಿಲ್ಲ. ಅವನದು ಮುಗಿದ ಮೇಲೆ ತಾವು ಕನ್ನಡದಲ್ಲಿ ಓದುತ್ತಾರೆ. ಸೀನಿನ ಪುಟ ಬಂದಾಗ ಚಾಪೆಯ ಮೇಲಿದ್ದವರೆಲ್ಲ ಸೀನುತ್ತಾರೆ.

"ನಮ್ಮ ಮಾವನ ತೋಟಕ್ಕೆ ನಿಜವಾದ ಆನೆ ಬಂದಿತ್ತು ಮಿಸ್, ಟೊಮೆಟೊ ಎಲ್ಲಾ ತುಳೀತು" ಎನ್ನುತ್ತಾಳೆ ಇನ್ನೊಬ್ಬಳು. ಗಡಿಯ ಕಾಡಿನಿಂದ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಗೆ ಆನೆಗಳು ಇಳಿಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಪುಸ್ತಕದ ಸಾಧು ಆನೆ, ಮಾವನ ತೋಟದ ಆನೆ ಎರಡೂ ಒಂದೇ ಚಾಪೆಯ ಮೇಲೆ ನಿಂತು ಮಾತು ಬೆಳೆಯುತ್ತದೆ. ಒಳ್ಳೆಯ ಚಿತ್ರಪುಸ್ತಕದ ಗುರುತು ನನ್ನ ಪಾಲಿಗೆ ಇದೇ: ಮಗು ಅದಕ್ಕೆ ತನ್ನ ಮನೆಯ ಸುದ್ದಿ ಸೇರಿಸಬೇಕು.

ಮಿಸ್ಸು ಬದಿಗಿಟ್ಟ ಪುಸ್ತಕಗಳನ್ನೂ ನೋಡಬೇಕು. ಒಂದು ಮಿರಮಿರ ಮಿಂಚುವ ಅಕ್ಷರಮಾಲೆ. ಅದರಲ್ಲಿ ಚಿತ್ರಗಳಿವೆ, ಕಥೆ ಇಲ್ಲ. ಇನ್ನೊಂದು ಇಂಗ್ಲಿಷ್ ಪದ್ಯದ ಅನುವಾದ. ಗಟ್ಟಿಯಾಗಿ ಓದಿದರೆ ಎರಡನೆಯ ಸಾಲಿಗೇ ನಾಲಿಗೆ ತೊಡರುತ್ತದೆ, ಪ್ರಾಸಕ್ಕಾಗಿ ಕ್ರಿಯಾಪದವನ್ನು ಎಲ್ಲೋ ಒಯ್ದು ಕೂರಿಸಿದ್ದಾರೆ. ಮತ್ತೊಂದರ ಅಕ್ಷರ ತೀರಾ ಸಣ್ಣದು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ಈಗಷ್ಟೇ ಓದಲು ಕಲಿಯುವ ಮಗು ಅಲ್ಲೇ ನಿಂತುಬಿಡುತ್ತದೆ. ಕೊನೆಯ ಪುಟದಲ್ಲಿ ನೀತಿ ಅಚ್ಚು ಹಾಕಿದವೂ ಬದಿಗೆ. ಅದು ಸರಿಯಾದ ತೀರ್ಮಾನ. ಕಥೆ ಕೇಳಿ ನಕ್ಕ ಮಗುವಿಗೆ ತಕ್ಷಣ ಪಾಠ ಒಪ್ಪಿಸು ಎನ್ನುವುದು ಅನ್ಯಾಯ.

ಮನೆಯ ಮಾತೊಂದು, ಪುಸ್ತಕದ ಮಾತೊಂದು ಎಂಬ ಪಾಡು ಬೇತಮಂಗಲಕ್ಕೆ ಮಾತ್ರ ಬಂದದ್ದಲ್ಲ. ಪೋರ್ಟೊ ರಿಕೊ ದ್ವೀಪದ ಪೂರಾ ಬೆಲ್‌ಪ್ರೆ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಕೆಲಸಕ್ಕೆ ಸೇರಿದಾಗ ಅಲ್ಲಿನ ಕಪಾಟುಗಳಲ್ಲಿ ತನ್ನ ಅಜ್ಜಿ ಹೇಳಿದ ಕಥೆ ಒಂದೂ ಇರಲಿಲ್ಲ. ಆಕೆ ಮಕ್ಕಳನ್ನು ಕೂರಿಸಿಕೊಂಡು ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಕಥೆ ಹೇಳಿದರು. ಜಿರಳೆ ಮತ್ತು ಇಲಿಯ ಕಥೆಯನ್ನು 1932ರಲ್ಲಿ ಪುಸ್ತಕವಾಗಿಯೂ ತಂದರು. 1996ರಿಂದ ಅಮೆರಿಕದಲ್ಲಿ ಅವರ ಹೆಸರಿನಲ್ಲಿ ಮಕ್ಕಳ ಸಾಹಿತ್ಯಕ್ಕೆ ಪ್ರಶಸ್ತಿಯಿದೆ. ನಮ್ಮಲ್ಲೂ ಕನ್ನಡದ ಮಕ್ಕಳಿಗೆ ಹಾಡು ಕಟ್ಟಿಕೊಟ್ಟ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಇದೇ ಕೋಲಾರ ಜಿಲ್ಲೆಯ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿಯವರದು ತಮಿಳು. ಮನೆಯಲ್ಲಿ ಬೇರೆ ಮಾತಿದ್ದರೆ ಕನ್ನಡ ಕುಂದುತ್ತದೆ ಎಂಬ ಭಯಕ್ಕೆ ಇವರಿಬ್ಬರ ಬದುಕೇ ಉತ್ತರ.

ಈಗ ಹಾದಿ ಇನ್ನೂ ಸುಲಭವಾಗಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಕಥೆಗಳು ಅದೇ ಚಿತ್ರಗಳೊಂದಿಗೆ ಕನ್ನಡ, ತೆಲುಗು, ತಮಿಳು, ಉರ್ದು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಬೇಕೆಂದರೆ ಸ್ಪ್ಯಾನಿಷ್‌ನಲ್ಲೂ ಇವೆ. ಓದಲು ಎಷ್ಟು ಸುಲಭ, ಎಷ್ಟು ಕಠಿಣ ಎಂಬುದನ್ನು ಹಂತಗಳಾಗಿ ಗುರುತಿಸಿಟ್ಟಿದ್ದಾರೆ. ತೂಲಿಕಾದಲ್ಲಿ ಎರಡು ಭಾಷೆ ಒಟ್ಟಿಗೆ ಅಚ್ಚಾದ ಪುಸ್ತಕಗಳೂ ಉಂಟು. ಶಾಲೆಯಲ್ಲಿ ಕನ್ನಡದಲ್ಲಿ ಕೇಳಿದ ಕಥೆಯನ್ನೇ ಸಂಜೆ ಅಜ್ಜಿಯ ಮಗ್ಗುಲಲ್ಲಿ ತೆಲುಗಿನಲ್ಲಿ ಕೇಳಿದ ಮಗುವಿಗೆ ಎರಡೂ ಭಾಷೆ ಗಟ್ಟಿಯಾಗುತ್ತವೆ.

ಮಗುವಿನ ಹುಟ್ಟುಹಬ್ಬಕ್ಕೋ ಊರಿನ ಶಾಲೆಗೋ ಪುಸ್ತಕ ಕೊಡುವವರಲ್ಲಿ ನನ್ನದೊಂದು ಕೋರಿಕೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನಿಂತು ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ. ನಾಲಿಗೆಗೆ ಹಿತವಾದರೆ ಕನ್ನಡದ್ದೊಂದು ಪ್ರತಿ ಕೊಳ್ಳಿ. ಅದೇ ಕಥೆ ಮಗುವಿನ ಮನೆಮಾತಿನಲ್ಲೂ ಇದೆಯೇ ಎಂದು ಕೇಳಿ, ಇದ್ದರೆ ಅದನ್ನೂ ತನ್ನಿ.