ಗಾಡಿಯ ಎಳೆತ: ಎತ್ತಿನ ಶ್ರಮ ಎಲ್ಲಿ ಸೋರುತ್ತದೆ?

ಒಂದು ಜೊತೆ ಒಳ್ಳೆಯ ಎತ್ತು ಕಟ್ಟುವುದು ಇಂದು ಸುಲಭದ ಮಾತಲ್ಲ. ಕೊಳ್ಳುವ ಬೆಲೆ, ಮೇವು, ಹಿಂಡಿ, ಆರೈಕೆ ಎಲ್ಲವೂ ಸೇರಿ ರೈತನ ಮೇಲೆ ಬೀಳುವ ಹೊರೆ ದೊಡ್ಡದು. ಹೀಗೆ ಸಾಕಿದ ಎತ್ತುಗಳ ಶಕ್ತಿಯಲ್ಲಿ ಒಂದು ಪಾಲು ಒಣಗಿದ ಅಚ್ಚಿನ ತಿಕ್ಕಾಟಕ್ಕೆ, ಕೆಟ್ಟ ದಾರಿಗೆ, ಸರಿಯಾಗಿ ಹೇರದ ಹೊರೆಗೆ ವ್ಯರ್ಥವಾಗಿ ಹೋಗುತ್ತದೆ. ಇದನ್ನು ತಡೆಯಲು ಹೆಚ್ಚಿನ ಹಣ ಬೇಕಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಬಲ, ಘರ್ಷಣೆ, ಚಲನೆ ಎಂಬ ಪಾಠವನ್ನು ನಮ್ಮ ಗಾಡಿಗೆ ಹೊಂದಿಸಿ ನೋಡಿದರೆ ಸಾಕು.

ಎತ್ತು ಎಳೆಯುವುದು ತೂಕವನ್ನಲ್ಲ

ಗಾಡಿ ಭಾರವಾಗಿರುವುದರಿಂದಲೇ ಅದನ್ನು ಎಳೆಯಬೇಕಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಆದರೆ ಸಮತಟ್ಟಾದ ನೆಲದ ಮೇಲೆ ಗಾಡಿಯ ತೂಕವನ್ನು ಹೊರುವುದು ನೆಲ. ತೂಕ ಕೆಳಮುಖವಾಗಿ ಒತ್ತುತ್ತದೆ, ಎತ್ತು ಮುಂದಕ್ಕೆ ಎಳೆಯುತ್ತದೆ. ಹೊರಗಿನಿಂದ ಯಾವ ಬಲವೂ ಅಡ್ಡಬಾರದಿದ್ದರೆ ಚಲಿಸುತ್ತಿರುವ ವಸ್ತು ಅದೇ ವೇಗದಲ್ಲಿ ನೇರವಾಗಿ ಸಾಗುತ್ತಲೇ ಇರುತ್ತದೆ ಎಂದು ಇಂಗ್ಲೆಂಡಿನ ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತಿಳಿಸಿದನು. ನಮ್ಮ ಗಾಡಿ ಹಾಗೆ ಸಾಗದೆ ನಿಲ್ಲುವುದಕ್ಕೆ ಕಾರಣ ಘರ್ಷಣೆ. ಎತ್ತುಗಳು ಹೆಜ್ಜೆ ಹೆಜ್ಜೆಗೂ ಎಳೆಯುವುದು ಈ ಘರ್ಷಣೆಯನ್ನು ಮೀರಲು.

ಮನೆಯಲ್ಲಿಯೇ ಒಂದು ಪರೀಕ್ಷೆ

ಒಂದು ಇಟ್ಟಿಗೆಗೆ ದಾರ ಕಟ್ಟಿ, ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ನೆಲದ ಮೇಲೆ ಎಳೆಯಿರಿ. ಇಟ್ಟಿಗೆ ಕದಲುವ ಮೊದಲು ಮುಳ್ಳು ಮೇಲೇರಿ, ಕದಲಿದ ಮೇಲೆ ತುಸು ಇಳಿಯುತ್ತದೆ. ಎಂದರೆ, ನಿಂತದ್ದನ್ನು ಕದಲಿಸುವುದೇ ಹೆಚ್ಚು ಕಷ್ಟ. ಒಂದರ ಮೇಲೊಂದು ಎರಡು ಇಟ್ಟಿಗೆ ಇಟ್ಟರೆ ಎಳೆತ ಎರಡರಷ್ಟಾಗುತ್ತದೆ. ಇಟ್ಟಿಗೆಯನ್ನು ಅಗಲ ಮಗ್ಗುಲಿಗೆ ಬದಲು ಕಿರಿದಾದ ಮಗ್ಗುಲಿಗೆ ಮಲಗಿಸಿದರೆ ಎಳೆತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಎರಡು ನಿಯಮಗಳನ್ನು ಫ್ರಾನ್ಸಿನ ಅಮಾಂಟನ್ಸ್ 1699ರಲ್ಲಿ ತಿಳಿಸಿದನು. ಕೊನೆಗೆ ಇಟ್ಟಿಗೆಯ ಕೆಳಗೆ ನಾಲ್ಕು ದುಂಡು ಪೆನ್ಸಿಲುಗಳನ್ನು ಇಟ್ಟು ಎಳೆಯಿರಿ. ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಇಟ್ಟಿಗೆ ಸಾಗುತ್ತದೆ. ಜಾರುವ ಘರ್ಷಣೆಗಿಂತ ಉರುಳುವ ಘರ್ಷಣೆ ಬಹಳ ಕಡಿಮೆ. ಗಾಲಿಯ ಗುಟ್ಟು ಇದೇ.

ಅಚ್ಚಿನಲ್ಲಿ ನಡೆಯುವ ತಿಕ್ಕಾಟ

ಗಾಲಿ ನೆಲದ ಮೇಲೆ ಉರುಳಿದರೂ ಅದರ ಗುಂಬದೊಳಗೆ ಅಚ್ಚು ಜಾರುತ್ತಲೇ ಇರುತ್ತದೆ. ಅಚ್ಚಿನ ದಪ್ಪ 5 ಸೆಂಟಿಮೀಟರ್, ಗಾಲಿಯ ಎತ್ತರ 150 ಸೆಂಟಿಮೀಟರ್ ಇದೆ ಎಂದುಕೊಳ್ಳೋಣ. ಆಗ ಅಚ್ಚಿನ ತಿಕ್ಕಾಟದ ಮೂವತ್ತರಲ್ಲಿ ಒಂದು ಪಾಲು ಮಾತ್ರ ಎತ್ತಿನ ಹೆಗಲಿಗೆ ತಟ್ಟುತ್ತದೆ. ಹಿರಿಯರು ಗಾಲಿಯನ್ನು ಎತ್ತರವಾಗಿ ಮಾಡಿಸುತ್ತಿದ್ದುದರ ಲಾಭ ಇದು. ಎತ್ತರದ ಗಾಲಿ ಗುಂಡಿ, ಕಲ್ಲುಗಳನ್ನೂ ಸಲೀಸಾಗಿ ದಾಟುತ್ತದೆ.

ಕೀಲೆಣ್ಣೆ ಒಣಗಿದರೆ ಈ ಲಾಭ ಕರಗುತ್ತದೆ. ಗಾಲಿ ಕಿರುಗುಟ್ಟುವುದೆಂದರೆ ಎತ್ತಿನ ಶ್ರಮ ಶಬ್ದವಾಗಿ, ಕಾವಾಗಿ ಸೋರುತ್ತಿದೆ ಎಂದೇ ಅರ್ಥ. ಅಚ್ಚಿಗೆ ಬಾಲ್ ಬೇರಿಂಗ್ ಹಾಕಿಸಿದರೆ ಜಾರುವುದು ತಪ್ಪಿ ಅಲ್ಲಿಯೂ ಉರುಳುವ ಘರ್ಷಣೆ ಮಾತ್ರ ಉಳಿಯುತ್ತದೆ. ಭಾರ ಎಳೆಯುವ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳು ಇದನ್ನು ಗಣನೆಗೆ ತೆಗೆದುಕೊಂಡಿವೆ. ಬೇರಿಂಗ್ ಇರುವ ಗಾಡಿಗೆ ಅನುಮತಿಸಿರುವ ತೂಕ, ಬೇರಿಂಗ್ ಆಗಲಿ ಗಾಳಿ ಟೈರ್ ಆಗಲಿ ಇಲ್ಲದ ಗಾಡಿಯ ಎರಡರಷ್ಟು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಗಾಗಿ ದುಡಿದಾಗ ಒತ್ತಿ ಹೇಳಿದ ವಿಷಯಗಳಲ್ಲಿ ಗಾಲಿ, ಬೇರಿಂಗ್ ಮತ್ತು ನೊಗದ ಸುಧಾರಣೆಯೂ ಸೇರಿತ್ತು.

ದಾರಿ ಮತ್ತು ಏರು

ಹೊರೆಯೂ ಸೇರಿ 1,000 ಕಿಲೋ ತೂಗುವ, ಗಾಳಿ ಟೈರಿನ ಗಾಡಿಯನ್ನು ತೆಗೆದುಕೊಳ್ಳೋಣ. ಒಳ್ಳೆಯ ಟಾರು ರಸ್ತೆಯಲ್ಲಿ ಅದನ್ನು ನಡೆಸಲು ಸುಮಾರು 20ರಿಂದ 30 ಕಿಲೋ ಬಲ ಸಾಕು. ಇಲ್ಲಿ ಒಂದು ಕಿಲೋ ಬಲ ಎಂದರೆ ಒಂದು ಕಿಲೋ ಕಲ್ಲನ್ನು ಹಗ್ಗಕ್ಕೆ ತೂಗುಬಿಟ್ಟಾಗ ಹಗ್ಗಕ್ಕೆ ಬೀಳುವ ಎಳೆತ. ಶಾಲೆಯ ಲೆಕ್ಕದಲ್ಲಿ ಇದು 9.8 ನ್ಯೂಟನ್. ಅದೇ ಗಾಡಿಗೆ ಮಣ್ಣಿನ ದಾರಿಯಲ್ಲಿ 50 ಕಿಲೋ ಆಸುಪಾಸು ಬಲ ಬೇಕು. ಸಡಿಲ ಮರಳಿನಲ್ಲಿ, ಕೆಸರಿನಲ್ಲಿ 150 ಕಿಲೋ ದಾಟಬಹುದು.

ಎತ್ತು ದಣಿಯದೆ ದಿನವಿಡೀ ಎಳೆಯಬಲ್ಲ ಬಲ ಅದರ ಮೈತೂಕದ ಸುಮಾರು ಹತ್ತರಲ್ಲಿ ಒಂದು ಪಾಲು. ತಲಾ 400 ಕಿಲೋ ತೂಗುವ ಜೋಡಿಗೆ ಇದು 80 ಕಿಲೋ. ಸ್ವಲ್ಪ ಹೊತ್ತು ಇದಕ್ಕಿಂತ ಹೆಚ್ಚು ಎಳೆದಾವು, ಆದರೆ ಬೇಗ ಬಳಲುತ್ತವೆ.

ಏರಿನಲ್ಲಿ ಮಾತ್ರ ತೂಕವೇ ಹಿಂದಕ್ಕೆ ಜಗ್ಗುತ್ತದೆ. 20 ಅಡಿ ನಡೆದರೆ 1 ಅಡಿ ಮೇಲೇರುವ ದಾರಿಯಲ್ಲಿ 1,000 ಕಿಲೋಗೆ 50 ಕಿಲೋ ಬಲ ಹೆಚ್ಚುವರಿಯಾಗಿ ಬೇಕು. 10 ಅಡಿಗೆ 1 ಅಡಿ ಏರಾದರೆ 100 ಕಿಲೋ. ಮಣ್ಣಿನ ದಾರಿಯ 50 ಕಿಲೋ ಸೇರಿಸಿದರೆ ಒಟ್ಟು 150 ಕಿಲೋ ಆಗಿ, ಜೋಡಿಯ ಶಕ್ತಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಷ್ಟು ಕಡಿದಾದ ಏರು ಒಂದು ಕಿಲೋಮೀಟರಿಗೂ ಮೀರಿ ಇರುವಲ್ಲಿ ಹೊರೆಯನ್ನು ಅರ್ಧಕ್ಕೆ ಇಳಿಸಬೇಕೆಂಬುದು ಮೇಲೆ ಹೇಳಿದ ನಿಯಮಗಳ ಆದೇಶ. ಏರಿನಲ್ಲಿ ಎತ್ತು ನಿಂತಾಗ ಬಾರುಕೋಲು ಎತ್ತುವ ಮೊದಲು ಈ ಲೆಕ್ಕವನ್ನು ನೆನೆಯುವುದು ಒಳಿತು.

ಹೆಗಲ ಮೇಲಿನ ಭಾರ

ಎರಡು ಗಾಲಿಯ ಗಾಡಿ ಅಚ್ಚಿನ ಮೇಲೆ ನಿಂತ ತಕ್ಕಡಿಯಿದ್ದಂತೆ. ಅಚ್ಚಿನಿಂದ ನೊಗಕ್ಕೆ 3 ಮೀಟರ್ ದೂರವಿದ್ದು, 500 ಕಿಲೋ ಹೊರೆಯ ನಡುಭಾಗ ಅಚ್ಚಿನಿಂದ 30 ಸೆಂಟಿಮೀಟರ್ ಮುಂದೆ ಬಿದ್ದರೆ ಎತ್ತುಗಳ ಹೆಗಲ ಮೇಲೆ 50 ಕಿಲೋ ಭಾರ ಕೂರುತ್ತದೆ. ಹಿಂದಕ್ಕೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಜತ್ತಿಗೆ ಬಿಗಿಯುತ್ತದೆ. ಒಂದೇ ಹೊರೆ, ಒಂದೇ ಗಾಡಿ. ಹೇರುವ ರೀತಿಯಿಂದಲೇ ಹೆಗಲು ಹುಣ್ಣಾಗುವುದು, ಆಗದಿರುವುದು ನಿರ್ಧಾರವಾಗುತ್ತದೆ.

ಘರ್ಷಣೆ ಬೇಕಾದ ಕಡೆ

ಅಚ್ಚಿನಲ್ಲಿ ಶತ್ರುವಾದ ಘರ್ಷಣೆಯೇ ಎತ್ತಿನ ಕಾಲಡಿಯಲ್ಲಿ ಮಿತ್ರ. ಗೊರಸು ನೆಲವನ್ನು ಹಿಂದಕ್ಕೆ ಒತ್ತಿದರೆ ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಸವೆದ ಲಾಳ ಟಾರು ರಸ್ತೆಯಲ್ಲಿ ಜಾರುವುದು ಈ ಹಿಡಿತ ತಪ್ಪಿದಾಗ.

ಇಳಿಜಾರಿನಲ್ಲಿ, ನಿಲ್ಲಿಸುವಾಗ ಕೂಡ ಘರ್ಷಣೆಯೇ ನಮ್ಮನ್ನು ಕಾಯುವುದು. ಟ್ರ್ಯಾಕ್ಟರ್ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ವೇಗ ಎರಡರಷ್ಟಾದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಟ್ರ್ಯಾಕ್ಟರು, ಕಬ್ಬು ತುಂಬಿದ ಟ್ರೈಲರು ಸೇರಿ ತೂಕ ಬರಿ ಟ್ರ್ಯಾಕ್ಟರಿನ ನಾಲ್ಕರಷ್ಟಿದ್ದು, ಟ್ರೈಲರಿಗೆ ಬ್ರೇಕ್ ಇಲ್ಲದಿದ್ದರೆ, ಅದೇ ವೇಗದಲ್ಲಿಯೂ ದೂರ ನಾಲ್ಕರಷ್ಟು. ಎರಡೂ ಸೇರಿದರೆ ಹದಿನಾರರಷ್ಟು! ಬರಿ ಟ್ರ್ಯಾಕ್ಟರು 3 ಮೀಟರಿನಲ್ಲಿ ನಿಲ್ಲುವ ಕಡೆ ಈ ಜೋಡಣೆಗೆ 48 ಮೀಟರ್ ಬೇಕು. ಅಷ್ಟರೊಳಗೆ ರಸ್ತೆಗೆ ಅಡ್ಡ ಬಂದ ಮಗುವನ್ನು ಉಳಿಸುವುದು ಚಾಲಕನ ಕೈಯಲ್ಲಿ ಇರುವುದಿಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು

1. ಗಾಲಿ ಕಿರುಗುಟ್ಟುವವರೆಗೆ ಕಾಯದೆ, ಹಳೆಯ ಮಣ್ಣು ಮೆತ್ತಿದ ಎಣ್ಣೆಯನ್ನು ಒರೆಸಿ ತೆಗೆದು ಹೊಸ ಕೀಲೆಣ್ಣೆ ಹಾಕಬೇಕು.

2. ಗಾಳಿ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಗಟ್ಟಿ ರಸ್ತೆಯಲ್ಲಿ ಎಳೆತ ಹೆಚ್ಚುತ್ತದೆ. ಆಗಾಗ್ಗೆ ಪರೀಕ್ಷಿಸಿ ತುಂಬಿಸಬೇಕು.

3. ಹೊರೆಯ ನಡುಭಾಗ ಅಚ್ಚಿನ ನೇರಕ್ಕೆ ಬರುವಂತೆ ಹೇರಬೇಕು. ಹೇರಿದ ಮೇಲೆ ನೊಗವನ್ನು ಕೈಯಿಂದ ಎತ್ತಿ ನೋಡಿ, ತುಸು ಮಾತ್ರ ಮುಂದಕ್ಕೆ ಭಾರವಿರುವಂತೆ ಸರಿಪಡಿಸಿ ಎತ್ತು ಹೂಡಬೇಕು.

4. ದಾರಿಯಲ್ಲಿ ಏರು, ಮರಳು ಅಥವಾ ಕೆಸರು ಇದ್ದರೆ ಹೊರೆಯನ್ನು ಮನೆಯಲ್ಲಿಯೇ ಕಡಿಮೆ ಮಾಡಬೇಕು. ಏರಿನ ನಡುವೆ ಗಾಡಿ ನಿಲ್ಲಿಸಬಾರದು. ನಿಲ್ಲಿಸಲೇಬೇಕಾದರೆ ಗಾಲಿಗೆ ಕಲ್ಲು ಒಡ್ಡಬೇಕು.

5. ಸವೆದ ಲಾಳಗಳನ್ನು ಸಕಾಲದಲ್ಲಿ ಬದಲಾಯಿಸಬೇಕು.

6. ಟ್ರೈಲರಿಗೆ ಬ್ರೇಕ್ ಹಾಕಿಸಬೇಕು. ರಸ್ತೆಯಲ್ಲಿ ಟ್ರ್ಯಾಕ್ಟರಿನ ಎಡ, ಬಲ ಬ್ರೇಕ್ ಪೆಡಲುಗಳನ್ನು ಒಟ್ಟಿಗೆ ಜೋಡಿಸಿರಬೇಕು. ಇಳಿಜಾರಿನಲ್ಲಿ ಗೇರ್ ತೆಗೆದು ಓಡಿಸಲೇಬಾರದು.

ಮೊದಲ ಮೂರು ಕ್ರಮಗಳಿಗೆ ತಗಲುವ ವೆಚ್ಚ ಕೀಲೆಣ್ಣೆಯದು ಮತ್ತು ಗಾಳಿಯದು ಮಾತ್ರ. ಅದರ ಪ್ರತಿಫಲ ಎತ್ತಿನ ಹೆಗಲಿಗೆ ಅಂದೇ ಸಿಗುತ್ತದೆ.